ಗಿರಗಿರ ತಿರುಗಿದ ತೆಪ್ಪ

ಮದುವೆಯಾಗಿ ಪಾಲಕೋಡ್ ಕಡೆಯ ಟೊಮೆಟೊ ಹೊಲದಿಂದ ಕೊಳತ್ತೂರಿಗೆ ಬಂದಾಗ ಮೊಣಕಾಲುದ್ದ ನೀರು ಕಂಡರೂ ನನ್ನ ಎದೆ ಝಲ್ಲೆನ್ನುತ್ತಿತ್ತು. ಗಂಡ ಮೆಟ್ಟೂರು ಹಿನ್ನೀರಿನಲ್ಲಿ ಮೀನು ಹಿಡಿಯುವವನು. ಅವನು ಬಲೆ ಬಿಡಬೇಕು, ನಾನು ಪರಿಸಲಿಗೆ, ಅಂದರೆ ಗುಂಡನೆಯ ತೆಪ್ಪಕ್ಕೆ, ಹುಟ್ಟು ಹಾಕಬೇಕು. ಮೊದಲ ದಿನ ಪಕ್ಕದಿಂದ ಹುಟ್ಟು ಹಾಕಿದೆ. ತೆಪ್ಪ ನಿಂತಲ್ಲೇ ಗಿರಗಿರ ತಿರುಗಿತು, ನಾನು ವಾಂತಿ ಮಾಡಿಕೊಂಡೆ. ದಡದಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕಥೆಯನ್ನು ಅತ್ತೆ ಈಗಲೂ ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಕೊಡುತ್ತಾರೆ.

ಆಮೇಲಿನದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ನನಗೆ ಮೈ ಉರಿಯುವುದು. ತೆಪ್ಪದೊಳಗೆ ಮುಂದುಗಡೆ ಮಂಡಿಯೂರಿ, ಹುಟ್ಟಿನಿಂದ ನೀರನ್ನು ನನ್ನತ್ತ ಎಳೆದುಕೊಳ್ಳಬೇಕೆಂದು ಕಲಿತೆ. ಅಂಗೈ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ಗಾಳಿ ತಿರುಗುವುದು ಕೆನ್ನೆಗೇ ಗೊತ್ತಾಗತೊಡಗಿತು.

ಈ ಆಷಾಢದಲ್ಲಿ ಒಂದು ಸಂಜೆ ಗಾಳಿ ನಮ್ಮನ್ನು ನಡುನೀರಿನಲ್ಲಿ ಹಿಡಿದುಕೊಂಡಿತು. ತೆಪ್ಪದೊಳಗೆ ನೀರು ನುಗ್ಗಿತು. ಗಂಡ ಬಲೆ ಕೈಬಿಟ್ಟು, ತೆಪ್ಪದ ಅಂಚು ಹಿಡಿದುಕೊಂಡು, ಕಂಡ ಕಂಡ ದೇವರನ್ನೆಲ್ಲ ಕೂಗುತ್ತಾ ಕುಳಿತ.

"ಸುಮ್ಕೆ ಕುಂತಿದ್ಯಲ್ಲ, ನೀರ ಎತ್ತಿ ಆಚೆಗ್ ಉಯ್ಯಿ!" ಎಂದು ಗದರಿದೆ. ಅವನು ನೀರು ಹೊಯ್ದ, ನಾನು ಹುಟ್ಟು ಎಳೆದೆ. ಭುಜ ಕಿತ್ತು ಬರುವಂತಿದ್ದರೂ ದಡ ಮುಟ್ಟಿಸಿದೆ.

ದಡದಲ್ಲಿ ಜನ ಸೇರಿದ್ದರು. ಅತ್ತೆ ಓಡಿಬಂದು ಮಗನ ತಲೆ ಸವರಿದರು. "ನಲ್ಲವೇಳೆ, ಏನೋ ಪುಣ್ಯ, ನನ್ ಮಗ ಇದ್ದ! ಇವಳನ್ನ ಕಟ್ಕೊಂಡು ಎಂಗ್ ಬಂದ್ನೋ!"

ನಾನು ಗಂಡನ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ಅವನು ತಲೆ ಒರೆಸಿಕೊಳ್ಳುತ್ತಾ, "ಎಂಗೋ ದಡ ಸೇರಿಸ್ದೆ, ಬುಡವ್ವ" ಅಂದ.

ಒದ್ದೆ ಹುಟ್ಟನ್ನು ಅವನ ಕಾಲ ಬಳಿ ಬಿಸಾಡಿದೆ. "ನೀನಾ ಸೇರಿಸಿದ್ದು? ಎತ್ಕೋ. ಇನ್ನೊಂದ್ಸಲ ಓಗಿ ಬಾ, ಎಲ್ರೂ ನೋಡ್ಲಿ."

ಅವನು ಹುಟ್ಟನ್ನು ನೋಡಿದ, ನೀರನ್ನು ನೋಡಿದ, ಕೈ ಮಾತ್ರ ಚಾಚಲಿಲ್ಲ.

ನಾನೇ ಎತ್ತಿಕೊಂಡೆ. "ನಾನ್ ಸೇರಿಸಿದ್ದು. ತೆಪ್ಪಾನೂ, ನಿನ್ನೂ" ಎಂದು ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು.

ಸಿಟ್ಟು ಇನ್ನೂ ಇಳಿದಿಲ್ಲ. ಅದು ಅವರಿಬ್ಬರ ಮೇಲಿರುವುದಕ್ಕಿಂತ ನನ್ನ ಮೇಲೇ ಹೆಚ್ಚು. ಬಾಯಿಬಿಟ್ಟು ಹೇಳುವವರೆಗೂ ನಾನು ಹುಟ್ಟು ಹಾಕುವುದನ್ನು ಕಲಿತುಬಿಟ್ಟಿದ್ದೇನೆ ಎಂದು ನನಗೇ ಹೊಳೆದಿರಲಿಲ್ಲ. ಇಷ್ಟು ವರ್ಷ ಅತ್ತೆ ಆ ವಾಂತಿಯ ಕಥೆ ಹೇಳಿದಾಗಲೆಲ್ಲ, ಕಾಫಿ ಲೋಟ ಹಿಡಿದುಕೊಂಡು ನಾನೂ ನಗುತ್ತಿದ್ದೆ.