ಈರಕ್ಕ ಕೇಳಿದ್ದನ್ನು ನಾನು ಹೇಳಲಿಲ್ಲ

ಈರಕ್ಕ ಕೇಳಿದ್ದು ಒಂದು, ನಾನು ಸಭೆಗೆ ಹೇಳಿದ್ದು ಇನ್ನೊಂದು. ಬಾಯಿ ತಪ್ಪಿ ಹೇಳಿದ್ದಲ್ಲ — ಗೊತ್ತಿದ್ದೇ ಹೇಳಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ವಿವರಿಸುತ್ತಾ ಹೋದರೆ ಎಲ್ಲಿ ನನ್ನ ಪರವಾಗಿ ನಾನೇ ವಾದ ಹೂಡುತ್ತೇನೋ ಎಂಬ ಭಯ ನನಗಿದೆ.

ನಾನು ಶಿರಾದವಳು. ಅಪ್ಪನದು ಪೇಟೆಯಲ್ಲಿ ಕಡಲೆಕಾಯಿ ವ್ಯಾಪಾರ. ಕಲೆಯ ಇತಿಹಾಸ ಓದಿದ ನಾನು ವಿದೇಶದ ಒಂದು ನಗರದಲ್ಲಿ, ಏಷ್ಯಾದ ಕಲೆಗೆಂದೇ ಇರುವ ಮ್ಯೂಸಿಯಂನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಸಾರ್ವಜನಿಕ ಉಪನ್ಯಾಸ, ಸಿನಿಮಾ ಪ್ರದರ್ಶನಗಳನ್ನು ಏರ್ಪಡಿಸುವುದು ನನ್ನ ಪಾಲಿನ ಕೆಲಸ. ಅತಿಥಿಗಳನ್ನು ಕರೆತರಬೇಕು, ಮೈಕು ಸರಿಯಿದೆಯೇ ನೋಡಬೇಕು, ಅಗತ್ಯ ಬಿದ್ದರೆ ಅನುವಾದವನ್ನೂ ಮಾಡಬೇಕು. ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ.

ಶಿರಾ ಹತ್ತಿರದ ಬುಕ್ಕಾಪಟ್ಟಣದ ಕಡೆಯ ಕುರಿಗಾಹಿಗಳ ಮೇಲೆ ತೆಗೆದ ಒಂದು ಸಾಕ್ಷ್ಯಚಿತ್ರ ನಮ್ಮಲ್ಲಿ ಪ್ರದರ್ಶನಕ್ಕೆ ಬಂತು. ಅದರಲ್ಲಿ ತಮ್ಮ ಹಟ್ಟಿಯ ದೇವಿಯ ಮೇಲೆ ಪದ ಹಾಡುವ ಹೆಂಗಸೇ ಈರಕ್ಕ. ಸಿನಿಮಾ ಮುಗಿದ ಮೇಲೆ ಆಕೆಯೊಡನೆ ಮಾತುಕತೆ ಇರಲಿ, ಆಕೆಯನ್ನು ಕರೆಸೋಣ ಎಂದು ಹಟ ಹಿಡಿದವಳು ನಾನೇ. ನಮ್ಮ ಕಡೆಯವರು ಒಬ್ಬರು ಆ ವೇದಿಕೆಯ ಮೇಲೆ ಕೂರುತ್ತಾರಲ್ಲ ಎಂಬ ಹೆಮ್ಮೆ ಇತ್ತು. ಸಿನಿಮಾ ತೆಗೆದಾತನಿಗೆ ಕನ್ನಡ ಬರುತ್ತಿರಲಿಲ್ಲ. ಆ ಕಟ್ಟಡದಲ್ಲಿ ಅಂದು ಕನ್ನಡ ತಿಳಿದವರು ನಾವಿಬ್ಬರೇ, ಈರಕ್ಕ ಮತ್ತು ನಾನು.

ಬೆಳಿಗ್ಗೆ ಅವರಿಗೆ ಮ್ಯೂಸಿಯಂ ತೋರಿಸುತ್ತಿದ್ದೆ. ದಕ್ಷಿಣ ಭಾರತದ ವಿಭಾಗಕ್ಕೆ ಬಂದಾಗ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಒಳಗೆ ಹಿತ್ತಾಳೆಯ ದೇವಿ ಮುಖ. ಈರಕ್ಕ ಕೂಗಲಿಲ್ಲ, ಅಳಲಿಲ್ಲ. ಕಾಲಿನ ಚಪ್ಪಲಿ ಬಿಟ್ಟರು. ಬಗ್ಗಿ ಬಲಗಿವಿಯನ್ನು ನೋಡಿದರು. ಮುರಿದ ಕಿವಿಗೆ ತಾಮ್ರದ ತೇಪೆ ಹಾಕಿದ್ದು ಅಲ್ಲಿ ಎದ್ದು ಕಾಣುತ್ತಿತ್ತು.

"ಇದು ನಮ್ಮಮ್ಮ ಕಣವ್ವ," ಎಂದರು. "ನಮ್ಮಾವ್ನೇ ಶಿರಾಕ್ಕೆ ಹೊತ್ಕೊಂಡೋಗಿ ತೇಪೆ ಹಾಕ್ಸಿದ್ದು."

ಅವರು ಮದುವೆಯಾಗಿ ಹಟ್ಟಿಗೆ ಬಂದ ಕೆಲವು ವರ್ಷಕ್ಕೆ ಗುಡಿಯಿಂದ ಆ ಮುಖ ಕಳುವಾಗಿತ್ತಂತೆ. ಅಂದಿನಿಂದ ಅಮ್ಮನನ್ನು ಮದಲೂರು ಕೆರೆಗೆ ಕರೆದೊಯ್ಯುವ ದಿನ ಮುಖದ ಬದಲು ಬರೀ ಕಳಸ ಹೊರುತ್ತಾರಂತೆ. ಪೆಟ್ಟಿಗೆಯ ಪಕ್ಕದ ಫಲಕದಲ್ಲಿ ಇದ್ದದ್ದು ಇಷ್ಟೇ: ಜಾನಪದ ದೇವಿ, ದಕ್ಷಿಣ ಭಾರತ, ಇಂಥ ಕುಟುಂಬದ ಕೊಡುಗೆ. ಆ ಕುಟುಂಬದವರು ಸಂಜೆ ಮುಂದಿನ ಸಾಲಿನಲ್ಲೇ ಕೂರುವವರಿದ್ದರು. ಆಮೇಲೆ ಮಾತಾಡೋಣ ಈರಕ್ಕ, ಎಂದು ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋದೆ. ಆ ಆಮೇಲೆ —

ಸಂಜೆ ಸಭಾಂಗಣ ತುಂಬಿತ್ತು. ಸಿನಿಮಾ ಎಲ್ಲರಿಗೂ ಹಿಡಿಸಿತ್ತು. ನಮ್ಮ ಮ್ಯೂಸಿಯಂನಲ್ಲಿ ನಿಮಗೆ ಏನು ಇಷ್ಟವಾಯಿತು ಎಂದು ಯಾರೋ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಈರಕ್ಕ ಸೆರಗು ಸರಿಮಾಡಿಕೊಂಡು ಮೈಕು ಹಿಡಿದರು. ದನಿಯಲ್ಲಿ ಜಗಳವಿರಲಿಲ್ಲ.

"ಒಳಗಡೆ ಗಾಜಿನ್ ಪೆಟ್ಟಿಗೇಲಿ ನಮ್ಮಮ್ಮ ಅವ್ಳೆ. ನಮ್ ಗುಡಿ ಬರಿದಾಗೈತೆ. ನಮ್ಗೆ ಕೊಟ್ಬುಡಿ ಅಂತ ಕೇಳವ್ವ ಅವ್ರನ್ನ."

ನಾನು ಸಭೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ — ನಮ್ಮ ಊರಿನ ದೇವಿಯಂಥ ದೇವಿಯನ್ನು ಇಲ್ಲಿ ಕಂಡೆ, ನೀವು ಅವಳನ್ನು ಇಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಿರುವುದು ಸಂತೋಷ ಎನ್ನುತ್ತಿದ್ದಾರೆ, ಎಂದು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹಿರಿಯ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಈರಕ್ಕ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಒಪ್ಕಂಡ್ರಾ?"

"ಹೂಂ," ಎಂದೆ.

ಮೊದಲ ಸುಳ್ಳನ್ನು ಹೆದರಿ ಹೇಳಿದೆ ಎನ್ನಬಹುದೇನೋ. ಕೆಲಸ, ವೀಸಾ, ಮುಂದಿನ ಸಾಲು... ಆದರೆ ಆ ಹೂಂ? ಅದನ್ನು ಕೇಳಿದವರು ಒಬ್ಬರೇ. ಸುಳ್ಳೆಂದು ಹಿಡಿಯಲು ಅವರಿಗೆ ದಾರಿಯೇ ಇರಲಿಲ್ಲ. ಅದು ಗೊತ್ತಿದ್ದೇ ಹೂಂ ಎಂದೆ. ವಿಮಾನ ನಿಲ್ದಾಣದಲ್ಲಿ ಈರಕ್ಕ ನನ್ನ ಕೆನ್ನೆ ಸವರಿ, ಅಮ್ಮ ನಿನ್ನ ಚೆನ್ನಾಗಿ ಇಟ್ಟಿರಲಿ ಎಂದು ಹರಸಿ ಹೋದರು. ಕೆಲವೇ ತಿಂಗಳಲ್ಲಿ ನನ್ನ ಕೆಲಸ ಖಾಯಂ ಆಯಿತು. ಆಮೇಲೂ ನಾನು ಬಾಯಿ ಬಿಡಲಿಲ್ಲ. ವರ್ಷಗಳು ಹೋದವು. ಆ ವಿಭಾಗದ ಮುಂದೆ ಹಾಯುವಾಗ ಫೋನು ನೋಡುತ್ತಾ ನಡೆಯುವುದನ್ನು ರೂಢಿ ಮಾಡಿಕೊಂಡೆ.

ಹೋದ ವರ್ಷ ತಂಗಿಯ ಹೆರಿಗೆಗೆಂದು ಶಿರಾಕ್ಕೆ ಬಂದಿದ್ದೆ. ಒಂದು ಮಧ್ಯಾಹ್ನ ಮನೆಗೆ ಬಂದ ಕಂಬಳಿ ಮಾರುವ ಹೆಂಗಸು ಆ ಹಟ್ಟಿಯವಳೇ ಎಂದು ಗೊತ್ತಾಗಿ, ಈರಕ್ಕ ಹೇಗಿದ್ದಾರೆ ಎಂದು ವಿಚಾರಿಸಿದೆ. ಅವಳು ಮುಖ ಸಿಂಡರಿಸಿದಳು.

ಅವಳು ಹೇಳಿದ್ದು ಇದು: ಈರಕ್ಕ ವಿದೇಶದಿಂದ ಬಂದವರೇ, ಅಮ್ಮ ಬರುತ್ತಾಳೆ, ದೊಡ್ಡ ಸಭೆಯಲ್ಲಿ ಒಪ್ಪಿದ್ದಾರೆ ಎಂದರು. ಹಟ್ಟಿಯವರು ಗುಡಿಗೆ ಸುಣ್ಣ ಬಳಿದರು, ಹೊಸ ಬಾಗಿಲು ಇಡಿಸಿದರು, ನೆಂಟರಿಗೆಲ್ಲ ಹೇಳಿ ಕಾದರು. ಅಮ್ಮ ಬರಲಿಲ್ಲ. ಮೊದಮೊದಲು ನಕ್ಕರು, ಆಮೇಲೆ ಅನುಮಾನ ಪಟ್ಟರು. ಈಕೆ ಅಲ್ಲಿ ಕೇಳೇ ಇಲ್ಲ, ವಿಮಾನ ಹತ್ತಿಸಿದವರ ಮುಲಾಜಿಗೆ ಬಿದ್ದು ಅಮ್ಮನನ್ನು ಅವರಿಗೇ ಬಿಟ್ಟು ಬಂದಳು ಎಂದರು. ಗುಡಿಯಲ್ಲಿ ಪದ ಹಾಡಲು ಈರಕ್ಕನನ್ನು ಕರೆಯುವುದನ್ನು ನಿಲ್ಲಿಸಿದರು.

ಮಾರನೆಯ ದಿನ ಬುಕ್ಕಾಪಟ್ಟಣದ ಬಸ್ಸು ಹತ್ತಿದೆ. ಈರಕ್ಕ ಮನೆಯ ಮುಂದೆ ಉಣ್ಣೆ ಬಿಡಿಸುತ್ತಾ ಕೂತಿದ್ದರು. ಗುರುತು ಹಿಡಿದು ನೀರು ಕೊಟ್ಟರು. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ — ನೀವು ಅಂದದ್ದು ಏನು, ನಾನು ಅಂದದ್ದು ಏನು, ಚಪ್ಪಾಳೆ ಯಾವುದಕ್ಕೆ ಬಿತ್ತು ಎಂಬುದನ್ನು. ಅವರ ಕೈ ಉಣ್ಣೆ ಬಿಡಿಸುತ್ತಲೇ ಇತ್ತು.

"ಅಲ್ಲೇ ಇಲ್ಲ ಅಂದಿದ್ರೆ ನಾನು ಇಲ್ಲ ಅಂತ್ಲೇ ಬಂದು ಹೇಳ್ತಿದ್ದೆ," ಎಂದರು ಕೊನೆಗೆ. "ನಂಗೊಬ್ಳಿಗೆ ಹೇಳಿದ್ರೆ ಆಗಾಕಿಲ್ಲ ಕಣಮ್ಮ. ಅವ್ರಿಗೂ ಹೇಳು, ಬಾ."

ಗುಡಿಯ ಮುಂದೆ ಜನ ಸೇರಿದರು. ಅದೇ ಮಾತುಗಳನ್ನು ಮತ್ತೆ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ, ಯಾರೂ ಬೈಯಲಿಲ್ಲ. ಈರಕ್ಕನ ಮೈದುನ, ಗುಡಿಯ ಪೂಜಾರಿ, ಒಂದೇ ಒಂದು ಮಾತು ಕೇಳಿದ.

"ಹಂಗಾರೆ ನಮ್ಮತ್ಗೆ ಕೇಳಿದ್ಲಾ?"

"ಕೇಳಿದ್ರು," ಎಂದೆ. "ಎಲ್ಲರ ಎದುರಿಗೂ ಕೇಳಿದ್ರು."

ಅವನು ತಲೆತಗ್ಗಿಸಿದ. ಈರಕ್ಕ ಅವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕುರಿ ಹಟ್ಟಿಗೆ ಬರುವ ಹೊತ್ತಾಯಿತು ಎಂದು ಎದ್ದು ಹೋದರು. ಈಗ ಅವರನ್ನು ಪದಕ್ಕೆ ಕರೆಯುತ್ತಾರಂತೆ. ಅವರು ಹೋಗುತ್ತಿಲ್ಲವಂತೆ.

ಮ್ಯೂಸಿಯಂಗೆ ಮರಳಿದ ಮೇಲೆ ಮೇಲಿನವರ ಕೋಣೆಯಲ್ಲಿ ಕೂತು ಈರಕ್ಕನ ಮಾತನ್ನು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅದೇ ಸಭಾಂಗಣದಲ್ಲಿ ಮುಂದಿನ ಸಿನಿಮಾ ಪ್ರದರ್ಶನಕ್ಕೆ ಮುನ್ನ ಪ್ರೇಕ್ಷಕರಿಗೂ ಹೇಳಿದೆ. ವೇದಿಕೆಯ ಕೆಲಸದಿಂದ ನನ್ನನ್ನು ಬಿಡಿಸಿದ್ದಾರೆ, ಅದು ಸರಿಯೇ. ಅಮ್ಮನ ವಿಚಾರ ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಉತ್ತರ ಯಾವಾಗ ಬರುತ್ತದೋ, ಏನೆಂದು ಬರುತ್ತದೋ — ತಿಳಿಯದು. ಬಂದ ದಿನ ನಾನೇ ಹಟ್ಟಿಗೆ ಹೋಗಿ ಈರಕ್ಕನಿಗೆ ಹೇಳುತ್ತೇನೆ. ಇಲ್ಲ ಎಂದಿದ್ದರೆ, ಇಲ್ಲ ಎಂದೇ.