ಕಾವಿ ಹಿಡಿಯದ ಜಾಗ

ನಾನು ಚಿಕ್ಕವಳಿದ್ದಾಗ ಮಾನ್ವಿಯ ನಮ್ಮ ಮನೆಯಲ್ಲಿ ಸದಾ ಸರೇಸಿನ ವಾಸನೆ ಇರುತ್ತಿತ್ತು. ದನದ ಚರ್ಮ, ಎಲುಬು ಕುದಿಸಿ ಮಾಡುವ ಅಂಟು ಅದು. ಬಜಾರದಲ್ಲಿ ಬೆಲ್ಲದ ಚೂರಿನಂತೆ ಗಟ್ಟಿಯಾಗಿ ಸಿಗುತ್ತಿತ್ತು. ಅಪ್ಪ ಬಡಿಗ. ಚೂರುಗಳನ್ನು ನೀರಿನಲ್ಲಿ ನೆನೆಹಾಕಿ, ಡಬ್ಬಿಯಲ್ಲಿ ತುಂಬಿ, ಆ ಡಬ್ಬಿಯನ್ನು ಕುದಿಯುವ ನೀರಿನ ಬೋಗುಣಿಯಲ್ಲಿ ಇಟ್ಟು ಕರಗಿಸುತ್ತಿದ್ದ. ಬಂದವರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಮನೆಯ ವಾಸನೆ.

ಆ ವರ್ಷ ಅಕ್ಕನನ್ನು ದೇವದುರ್ಗಕ್ಕೆ ಕೊಡುವುದೆಂದು ಗೊತ್ತಾಗಿತ್ತು. ಅವ್ವ ಹಾಸಿಗೆ ಹಿಡಿದಿದ್ದಳು. ನಿಲ್ಲದ ಕೆಮ್ಮು, ಸಂಜೆಯಾದರೆ ಜ್ವರ. ರಾಯಚೂರಿನ ದವಾಖಾನೆಯವರು ಅವಳನ್ನು ಮನೆಗೆ ಕಳಿಸಿದ್ದರು. ಯಾಕೆ ಕಳಿಸಿದರೆಂದು ಅಪ್ಪ ನಮಗೆ ಹೇಳಲಿಲ್ಲ. ಅಕ್ಕ ಗಂಡನ ಮನೆಗೆ ಒಯ್ಯಲೆಂದು ಬೇವಿನ ಹಲಗೆಯಲ್ಲಿ ಬಟ್ಟೆಯ ಪೆಟ್ಟಿಗೆ ಮಾಡತೊಡಗಿದ. ಬೇವಿನ ಪೆಟ್ಟಿಗೆಗೆ ಹುಳ ಬೀಳುವುದಿಲ್ಲ.

ಮುಚ್ಚಳ ಜೋಡಿಸಿದ ಮಧ್ಯಾಹ್ನ, ಅಪ್ಪ ಬಿಸಿ ಸರೇಸು ಹಚ್ಚಿ, ಹಗ್ಗ ಸುತ್ತಿ, ಹಗ್ಗದೊಳಗೆ ಕೋಲು ತೂರಿಸಿ ತಿರುವಿದ. ಬಿಗಿಯಾದಂತೆ ಸಂದಿನಿಂದ ಅಂಟು ಹನಿಹನಿಯಾಗಿ ಹೊರಬಂತು. ಅದನ್ನು ಹಸಿಯಿದ್ದಾಗ ಒರೆಸಬಾರದು, ಕಟ್ಟಿಗೆಯೊಳಗೆ ಇಳಿದು ಮುಂದೆ ಬಣ್ಣ ಹಿಡಿಯದಂತೆ ಮಾಡುತ್ತದೆ. ಪೂರಾ ಒಣಗಲೂ ಬಿಡಬಾರದು, ಗಾಜಿನಂತಾಗುತ್ತದೆ. ಹಲ್ವಾದಷ್ಟು ಗಟ್ಟಿಯಾದಾಗ ಉಳಿಯಿಂದ ಎತ್ತಿ ತೆಗೆಯಬೇಕು. ಅಲ್ಲಿಯವರೆಗೆ ಕಾಯಬೇಕಲ್ಲ ಎಂದು ಅಪ್ಪ ಬಣ್ಣಕ್ಕೆ ಕೆಂಪು ಕಾವಿಮಣ್ಣು ತರಲು ಬಜಾರಕ್ಕೆ ಹೋದ.

ಆಗ ಅವ್ವ ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದಳು. ಅವಳು ಎದ್ದು ನಡೆದದ್ದನ್ನು ನೋಡಿ ಬಹಳ ದಿನಗಳಾಗಿದ್ದವು. ಪೆಟ್ಟಿಗೆಯನ್ನು ಸುತ್ತ ನೋಡಿ, "ಬಡಿಗ್ಯಾಗ ಕಟಿಗಿ ಕಾಣ್ತದ, ಕೊಳಿ ಕಾಣಂಗಿಲ್ಲ," ಎಂದು ನಕ್ಕಳು. ಸೆರಗಿನ ತುದಿ ನೀರಿನಲ್ಲಿ ಅದ್ದಿ ಮುಚ್ಚಳದ ಒಂದು ಮೂಲೆಯ ಅಂಟನ್ನು ಒರೆಸಿದಳು. ಉಳಿದದ್ದನ್ನು ಅಂಗೈಯಿಂದ ಸವರಿದಳು. ಕೆಮ್ಮು ಬಂದಾಗ ಅಂಟು ಮೆತ್ತಿದ ಆ ಕೈಯನ್ನು ಅದೇ ಮೂಲೆಗೆ ಊರಿ ನಿಂತಳು.

"ಯವ್ವಾ, ಅಪ್ಪ ಒದರ್ತಾನ," ಎಂದೆ.

"ಒದರಲಿ ಬಿಡು. ಮಗಳ ಪೆಟಿಗಿಗೆ ನಾನೂ ಏನರ ಮಾಡಬೇಕಲ್ಲ."

ಆ ಸಂಜೆಯೇ ಅವಳಿಗೆ ಉಸಿರು ಸಾಲದಾಯಿತು. ಅಪ್ಪ ಪೆಟ್ಟಿಗೆಯನ್ನು ಇದ್ದಂತೆಯೇ ಮೂಲೆಗೆ ಸರಿಸಿದ. ವಾರ ಕಳೆಯುವುದರೊಳಗೆ ಅವ್ವ ಹೋದಳು.

ಈಗ ಮದುವೆ ಮಾಡದಿದ್ದರೆ ವರ್ಷ ಕಾಯಬೇಕೆಂದು ಹಿರಿಯರು ಹೇಳಿದರು. ಅತ್ತ ಮುಖಗಳು ಆರುವ ಮುಂಚೆಯೇ ಹಂದರದ ಮಾತು ಬಂತು. ಗಬ್ಬೂರಿನಿಂದ ಮದುಮಗನ ಸೋದರತ್ತೆ ಅಕ್ಕನ ಜೊತೆ ಕಳಿಸುವ ಸಾಮಾನು ನೋಡಲು ಬರುವ ದಿನ ಅಪ್ಪ ಬೆಳಿಗ್ಗೆ ಪೆಟ್ಟಿಗೆಯನ್ನು ಹೊರಗೆ ತೆಗೆದ. ಗಾಜಿನಂತಾಗಿದ್ದ ಅಂಟನ್ನೆಲ್ಲ ಕೆರೆದ. ಅವ್ವ ಒರೆಸಿದ ಮೂಲೆ ನುಣ್ಣಗಿತ್ತು, ಅಲ್ಲಿ ಅವನಿಗೆ ಏನೂ ಕಾಣಲಿಲ್ಲ. ಕಾವಿಯ ನೀರು ಹಚ್ಚಿದ. ಹಲಗೆಗಳೆಲ್ಲ ಕೆಂಪಾದವು. ಆ ಮೂಲೆಯಲ್ಲಿ ಮಾತ್ರ ಬಣ್ಣ ಜಾರಿಹೋಯಿತು. ಮತ್ತೊಮ್ಮೆ ಹಚ್ಚಿದಾಗ ಸುತ್ತಲಿನ ಕೆಂಪು ಇನ್ನಷ್ಟು ಗಾಢವಾಗಿ, ನಡುವೆ ನಾಲ್ಕು ಬೆರಳು, ಅರ್ಧ ಅಂಗೈ ಬೆಳ್ಳಗೆ ಎದ್ದು ಕಂಡವು.

"ಅಂಟು ಕುಂತದ," ಎಂದು ಗೊಣಗಿ ಅಪ್ಪ ಗಾಜಿನ ಚೂರು ಹಿಡಿದು ಕೆರೆಯಲು ಕುಳಿತ.

"ಅಪ್ಪಾ, ಅದು ಅವ್ವನ ಕೈ," ಎಂದೆ. ಆ ಮಧ್ಯಾಹ್ನ ಕಂಡದ್ದನ್ನು ಹೇಳಿದೆ. ಗಾಜು ಅವನ ಕೈಯಲ್ಲೇ ನಿಂತಿತು.

ಅಕ್ಕ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು. "ಕೆರೀಬ್ಯಾಡಪ್ಪ."

"ಬೀಗರು ಬರಾಕತ್ತಾರವ್ವ. ಬಡಿಗ್ಯಾನ ಮಗಳ ಪೆಟಿಗಿ ಹಿಂಗಿದ್ರ ಆ ಮನ್ಯಾಗ ನಿನ್ನ ಆಡ್ಕೋತಾರ."

"ಆಡ್ಕೊಳ್ಳಲಿ."

ಅಪ್ಪ ಗಾಜನ್ನು ಹೊರಗೆ ಎಸೆದು, ಅರಗಿನ ಪಾಲಿಶನ್ನು ಬಟ್ಟೆಯ ಉಂಡೆಯಲ್ಲಿ ಅದ್ದಿ, ಆ ಬೆರಳುಗಳ ಮೇಲೆ ಎಲ್ಲಕ್ಕಿಂತ ಮೆಲ್ಲಗೆ ಹಚ್ಚಿದ.

ಮಧ್ಯಾಹ್ನ ಸೋದರತ್ತೆ ಬಂದಳು. ಸಂದುಗಳಲ್ಲಿ ಬೆರಳಾಡಿಸುತ್ತ ಆ ಮೂಲೆಯಲ್ಲಿ ನಿಂತಳು.

"ಏನ್ರಿ ಬೀಗರ, ಊರ ಮಂದಿಗೆಲ್ಲಾ ಕನ್ನಡಿಯಂಗ ಮಾಡಿ ಕೊಡ್ತೀರಿ. ಮಗಳ ಪೆಟಿಗಿಗೆ ಬಣ್ಣ ಸಾಲಲಿಲ್ಲೇನ್ರಿ?"

ಜೊತೆಗೆ ಬಂದ ಹೆಂಗಸರು ನಕ್ಕರು. ಅಕ್ಕ ತಲೆ ಎತ್ತಲಿಲ್ಲ. ಸತ್ತವಳ ಕೈಗುರುತು ಎಂದರೆ ಆ ಪೆಟ್ಟಿಗೆ ಅವರ ಹೊಸ್ತಿಲು ದಾಟುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ತನ್ನ ಕೆಲಸದಲ್ಲಿ ಕೊರತೆ ಇದೆಯೆಂದು ಅಪ್ಪ ಅಲ್ಲಿಯವರೆಗೆ ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಹಲಗೆ ಸೀಳಿದರೆ ಕಟ್ಟಿಗೆಯನ್ನು ಬೈಯುತ್ತಿದ್ದ, ಬಾಗಿಲು ಉಬ್ಬಿದರೆ ಮಳೆಯನ್ನು.

"ನನ್ನ ಕೈ ತಪ್ಪಿತ್ರಿ," ಎಂದ ನೆಲ ನೋಡುತ್ತ. "ಅಂಟು ಸರಿ ತಗೀಲಿಲ್ಲ."

"ಇರ್ಲಿ ತಗೋರಿ," ಎಂದಳು ಅವಳು. ಪೆಟ್ಟಿಗೆ ಅಕ್ಕನ ಜೊತೆ ದೇವದುರ್ಗಕ್ಕೆ ಹೋಯಿತು.

ಹೋದ ತಿಂಗಳು ಅಕ್ಕನೂ ಹೋದಳು. ಈಗ ಆ ಪೆಟ್ಟಿಗೆ ರಾಯಚೂರಿನ ನಮ್ಮ ಮನೆಗೆ ಬಂದು, ಮೊಮ್ಮಕ್ಕಳೇ, ನಿಮ್ಮ ಓದುವ ಮೇಜಿನ ಪಕ್ಕ ಇದೆ. ನಿಮ್ಮ ಮೇಜು ಅಂಗಡಿಯಿಂದ ಬಂದದ್ದು. ಒದ್ದೆ ಬಟ್ಟೆ ಆಡಿಸಿದರೆ ಶಾಯಿಯೂ ಹೋಗುತ್ತದೆ. ಅವ್ವನಿಗೆ ಇದ್ದಂಥ ಕೆಮ್ಮಿಗೆ ಈಗ ಗುಳಿಗೆ ಇದೆ. ನಿಮ್ಮ ತಾಯಿಯ ಮುಖ ಫೋನಿನಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ಅವೆಲ್ಲ ನಿಮಗೆ ಇರಲಿ. ನಮ್ಮ ಅವ್ವನ ಫೋಟೊ ಒಂದೂ ಇಲ್ಲ. ಅವಳ ಮುಖವೂ ನನಗೆ ಈಗ ಸರಿಯಾಗಿ ನೆನಪಾಗುವುದಿಲ್ಲ.

ನಿನ್ನೆ ಬಾಗಿಲುಗಳಿಗೆ ಪಾಲಿಶ್ ಹೊಡೆಯಲು ಬಂದವನು ಪೆಟ್ಟಿಗೆ ನೋಡಿ, "ಅಮ್ಮಾರ, ಮಾಡಿದವಗ ಕೆಲಸ ಬರ್ತಿದ್ದಿಲ್ಲ ನೋಡ್ರಿ, ಅಂಟು ಬಿಟ್ಟಾನ. ಮಷಿನ್ ಹೊಡದ್ರ ಹೊಸದಾಗ್ತದ," ಎಂದ. ನೀವೂ "ಮಾಡಿಸು ಅಜ್ಜಿ" ಎಂದು ಕುಣಿದಿರಿ.

ನಾನು ಅವನಿಗೆ ಹೇಳಿದೆ: "ಹೌದಪ್ಪ, ನಮ್ಮ ಅಪ್ಪನ ಕೈ ತಪ್ಪಿತ್ತು. ಹಂಗ ಇರ್ಲಿ."