ಏರಿನಲ್ಲಿ ಕಲ್ಲು ಕೊಡುವವರು

ಸೈನ್ಯದಲ್ಲಿರುವವನಿಗೆ ಡ್ರೈವಿಂಗ್ ಲೈಸೆನ್ಸ್ ತಾನಾಗಿ ಕೈಗೆ ಬರುತ್ತದೆ, ಅದರಲ್ಲೂ ಕೊಡಗಿನ ಹುಡುಗನಾದರೆ ಕೇಳುವುದೇ ಬೇಡ ಎನ್ನುತ್ತಾರೆ. ನಿವೃತ್ತ ಹವಾಲ್ದಾರರಾದ ನನ್ನ ಚಿಕ್ಕಪ್ಪ ಮದುವೆಮನೆಗಳಲ್ಲಿ ಇದನ್ನೇ ಸಾರುತ್ತಾರೆ: "ನಮ್ ಹುಡ್ಗ ಒಂದೇ ಏಟಿಗೆ ಪಾಸು!" ಪಾಸಾದದ್ದು ನಿಜ. ಪಾಸಾದದ್ದು ನಾನೇ ಹೌದೇ ಎಂಬುದು ನನ್ನ ತಕರಾರು.

ಮೊದಲ ತಪ್ಪು ನನ್ನದೇ. ಯೂನಿಟ್ಟಿನಲ್ಲಿ ಸುಬೇದಾರ್ ಸಾಹೇಬರು ನಮ್ಮನ್ನು ಸಾಲಾಗಿ ನಿಲ್ಲಿಸಿ ಗಾಡಿ ಓಡಿಸಲು ಯಾರಿಗೆ ಬರುತ್ತದೆ ಎಂದಾಗ ಕೈ ಎತ್ತಿದೆ. ಚಿಕ್ಕಪ್ಪನ ಕಾಫಿ ತೋಟದಲ್ಲಿ ಮೀಸೆ ಮೂಡುವ ಮೊದಲೇ ಜೀಪು ಓಡಿಸಿದವನು, ಎತ್ತದೆ ಇರುವುದುಂಟೇ? ಲೈಸೆನ್ಸ್ ಇದೆಯೇ ಎಂದರು. ಊರಲ್ಲಿದೆ ಎಂದೆ. ಇರಲಿಲ್ಲ. ರಜೆಗೆ ಬಂದು ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದೆ. ಅದಾಗಿ ತಿಂಗಳು ಕಳೆಯದೆ ಪರೀಕ್ಷೆಗೆ ಬಿಡುವುದಿಲ್ಲ, ರಜೆ ಅಷ್ಟು ದಿನ ಇರಲಿಲ್ಲ. ವಾಪಸ್ ಹೋಗಿ, ಮನೆಯಲ್ಲೇ ಮರೆತೆ ಎಂದೆ. ಎರಡನೇ ಸುಳ್ಳು.

"ಮುಂದಿನ ಸಲ ತಾ. ರೇಷನ್ ಜೀಪು ನಿನಗೆ" ಎಂದರು. ಆ ಜೀಪಿನ ದಾರಿಯ ಒಂದು ಬದಿ ಬೆಟ್ಟ, ಇನ್ನೊಂದು ಬದಿ ಏನೂ ಇಲ್ಲ. ಹಿಂದೆ ನಾಲ್ಕು ಜನ ಕೂತಿರುತ್ತಾರೆ.

ಮುಂದಿನ ರಜೆಯಲ್ಲಿ ಪರೀಕ್ಷೆಗೆ ದಿನ ಸಿಕ್ಕಿದ್ದು ಹೊರಡುವುದಕ್ಕೆ ಎರಡು ದಿನ ಮೊದಲು.

ನಮ್ಮ ತೋಟದ ಜೀಪಿಗೆ ಹ್ಯಾಂಡ್‌ಬ್ರೇಕ್ ಹೆಸರಿಗಷ್ಟೇ ಇತ್ತು. ಏರಿನಲ್ಲಿ ನಿಲ್ಲಿಸಬೇಕಾದರೆ "ಕಲ್ ಕೊಡಿ!" ಎಂದು ಕೂಗಬೇಕು, ಹಿಂದೆ ಕೂತವರು ಹಾರಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ನಾನು ಕಲಿತದ್ದೇ ಹಾಗೆ. ಪರೀಕ್ಷೆಗೆಂದು ಚಿಕ್ಕಪ್ಪ ಬ್ರೇಕು ರಿಪೇರಿ ಮಾಡಿಸಿದರು. ನನ್ನ ಕೈ ರಿಪೇರಿಯಾಗಲಿಲ್ಲ.

ಪರೀಕ್ಷೆಯ ದಿನ ಆರ್‌ಟಿಒ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು ಏರಿನಲ್ಲಿ ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ. ಹೊರಡಿ ಎಂದರು. ಕ್ಲಚ್ಚು ಬಿಟ್ಟದ್ದೇ ತಡ ಎಂಜಿನ್ ನಿಂತು ಜೀಪು ಹಿಂದಕ್ಕೆ ಜಾರಿತು. ಕೈ ಬ್ರೇಕಿಗೆ ಹೋಗಲಿಲ್ಲ, ಬಾಯಿ ಹೋಯಿತು: "ಕಲ್!"

ಜೀಪು ನಿಂತಿತು. ಹಿಂತಿರುಗಿ ನೋಡಿದರೆ, ಸರದಿಯವರ ಜೊತೆ ನಿಂತಿದ್ದ ಚಿಕ್ಕಪ್ಪ ಓಡಿ ಬಂದು, ಬಗ್ಗಿಕೊಂಡು, ಏದುಸಿರು ಬಿಡುತ್ತ, ಚಕ್ರದ ಕೆಳಗೆ ಕಲ್ಲು.

ಇನ್ಸ್‌ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಿಲಿಟ್ರಿಲಿ ಹಿಂಗೇ ಹೇಳ್ಕೊಡ್ತಾರೇನ್ರೀ?"

"ಬಾರ್ಡರ್‌ನಿಂದ ಬಂದವ್ನೆ ಸಾರ್. ನಾಳಿದ್ದು ವಾಪಸ್ ಹೋಗ್ಬೇಕು" ಎಂದರು ಚಿಕ್ಕಪ್ಪ, ಅಟೆನ್ಷನ್‌ನಲ್ಲಿ ನಿಂತು.

ಪೆನ್ನು ಆಡಿತು. ಪಾಸು.

"ಸರ್, ಇನ್ನೊಂದ್ಸಲ ಮಾಡ್ತೀನಿ" ಎಂದೆ.

"ಯಾಕ್ರೀ, ಪಾಸ್ ಮಾಡಿದ್ದು ತಪ್ಪಾ?"

ಸರದಿಯಲ್ಲಿದ್ದವರೆಲ್ಲ ಗೊಳ್ಳೆಂದರು. ಚಿಕ್ಕಪ್ಪ ನನ್ನ ತೋಳು ಹಿಡಿದರು. "ಬಾಯ್ಮುಚ್ಕೊಂಡು ಇಳೀಲಾ. ಮಾನ ಕಳೀಬೇಡ."

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಕೊಟ್ಟರೂ ವಾದಿಸುತ್ತಿದ್ದೆ. ಆ ರಾತ್ರಿ ಎರಡೂ ಪಕ್ಷ ಹಿಡಿದೆ. ಸುಬೇದಾರರಿಗೆ ನಿಜ ಹೇಳಿದರೆ ಸುಳ್ಳುಗಾರ. ಹೇಳದಿದ್ದರೆ ಹಿಂದೆ ಕೂತ ನಾಲ್ವರ ಜೀವ ನನ್ನ ಕೈಯಲ್ಲಿ. ಎರಡರಲ್ಲೂ ಸೋತವನು ನಾನೇ.

ಹೊರಡುವ ದಿನ ಲೈಸೆನ್ಸಿನ ಪ್ರತಿ ಫೋನಿಗೆ ಬಂತು. ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಪ್ಪ ನನ್ನ ಬ್ಯಾಗು ಮೇಲಿಟ್ಟು ಕೆಳಗಿಳಿದು, ಕಿಟಕಿಯ ಹತ್ತಿರ ಬಂದು, "ಜೀಪ್ ಸಿಗ್ತು ಅಂದ್ರೆ ಫೋನ್ ಮಾಡು, ಎಲ್ರಿಗೂ ಹೇಳ್ಬೇಕು" ಎಂದರು. ಕಂಡಕ್ಟರ್ ಸೀಟಿ ಊದಿದ. ಕಿಟಕಿಯಿಂದ ತಲೆ ಹೊರಹಾಕಿ ಕೇಳಿದೆ:

"ಚಿಕ್ಕಪ್ಪ, ಅಲ್ಲಿ ಕಲ್ಲು ಕೊಡೋಕೆ ಯಾರಿರ್ತಾರೆ?"